ತಲೆಕೆಳಗು ಹಿಡಿದ ಕಾರ್ಡು

ರಾಯದುರ್ಗದ ನಮ್ಮ ಓಣಿಯಲ್ಲಿ ಮೊದಲು ಚಾಳೀಸಿನ ಅಂಗಡಿ ಇಟ್ಟವರು ಮಹಾ ಜಿಗುಟು ಮನುಷ್ಯ. ಕಣ್ಣು ನೋಡದೆ ಯಾರಿಗೂ ಕನ್ನಡಕ ಕೊಟ್ಟವರಲ್ಲ. ಸಂತೆಯಲ್ಲಿ ಸಿಕ್ಕಿದ್ದನ್ನು ಮೂಗಿಗೇರಿಸಿಕೊಂಡು ಬಂದವರಿಗೆ ಬೈದೇ ಕಳಿಸುತ್ತಿದ್ದರು. ಓಣಿಗೆಲ್ಲ ಅವರು ಅಣ್ಣ. ನನಗೆ ಮಾತ್ರ ಆ ವಾರ ಯಮನಾಗಿ ಕಂಡರು.

ನಾನು ಆಗ ಹೊಲಿಗೆ ಯೂನಿಟ್ಟೊಂದರಲ್ಲಿ ಜೀನ್ಸ್ ಹೊಲಿಯುತ್ತಿದ್ದೆ. ಗಂಡ ಹೋದ ಮೇಲೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಡಕಶಿರದ ಕಡೆಯಿಂದ ಬಂದವಳು. ನಲವತ್ತು ದಾಟಿದ್ದೇ ತಡ, ನೀಲಿ ಬಟ್ಟೆಯ ಮೇಲೆ ನೀಲಿ ದಾರ ಕಾಣದಾಯಿತು. ಹೊಲಿಗೆ ಸೊಟ್ಟಗಿದೆಯೆಂದು ಮಾಲು ವಾಪಸು ಬಂತು. ಯಾರ ಕೆಲಸವೆಂದು ತಿಳಿಯದೆ ಯೂನಿಟ್ಟಿನ ಯಜಮಾನ, ಮಿಷನ್ ಮೇಲಿದ್ದ ಹೆಂಗಸರೆಲ್ಲ ಅಣ್ಣನಿಂದ ಕಣ್ಣಿನ ಚೀಟಿ ತರಬೇಕೆಂದ. ಚಾಳೀಸು ಹಾಕಿದವರ ಕೈ ನಿಧಾನ ಅನ್ನುವುದು ಅವನ ಹಟ. ಅಂಥವರು ದಾರ ಕತ್ತರಿಸಲು ಕೂರಬೇಕು. ಆ ಕೂಲಿಯಲ್ಲಿ ಮೂರು ಹೊಟ್ಟೆ ತುಂಬುವುದಿಲ್ಲ. ನಾನು ಮತ್ತೆ ಮಡಕಶಿರದ ಬಸ್ಸು ಹತ್ತಿ ತಮ್ಮಂದಿರ ಬಾಗಿಲಲ್ಲಿ ನಿಲ್ಲಬೇಕಿತ್ತು.

ಅಂಗಡಿಯಲ್ಲಿ ಸಾಲು ನಿಂತೆವು, ನಾನೇ ಕೊನೆಯವಳು. ಓದು ಬಾರದವರಿಗೆಂದು ಅಣ್ಣ ಒಂದು ಕಾರ್ಡು ಇಟ್ಟಿದ್ದರು. ಅದರ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಮುಂದಿನವರು ಹೇಳುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಮಗ್ಗಿಯನ್ನೂ ಅಷ್ಟು ಶ್ರದ್ಧೆಯಿಂದ ಕಲಿತವಳಲ್ಲ ನಾನು. ಸರದಿ ಬಂದಾಗ ಎಡಕ್ಕೆ, ಮೇಲಕ್ಕೆ, ಬಲಕ್ಕೆ ಎಂದು ಕೊನೆಯ ಸಾಲಿನವರೆಗೂ ಪಟಪಟ ಒಪ್ಪಿಸಿಬಿಟ್ಟೆ.

ಅಣ್ಣ ಉಳಿದವರಿಗೆಲ್ಲ ಚೀಟಿ ಕೊಟ್ಟು ಹೊರಗೆ ಕಳಿಸಿದರು. ಆಮೇಲೆ ದನಿ ತಗ್ಗಿಸಿ, "ನಿನ್ನ ಸರದಿಗೆ ಕಾರ್ಡು ತಲಿಕೆಳಗ ಹಿಡದೀನವ್ವಾ. ನೀ ಹೇಳಿದ್ದೆಲ್ಲಾ ಉಲ್ಟಾ" ಅಂದರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರ ಕೈ ಹಿಡಿದುಕೊಂಡೆ.

"ನನ್ ಹೊಟ್ಟೆ ಮೇಲೆ ಹೊಡೀಬ್ಯಾಡಣ್ಣ. ಎಲ್ಡು ಹೆಣ್ಮಕ್ಳವೆ."

ಅವರು ಒಪ್ಪಲಿಲ್ಲ. ಸೂಜಿಗೆ ಕರುಣೆ ಇರುವುದಿಲ್ಲ ಎಂದರು. ನಾನು ಅಳುತ್ತಲೇ ಮಕ್ಕಳ ಆಣೆ ಹಾಕಿದೆ, ಕೊನೆಗೆ ನಿಮ್ಮ ಮನೆ ಹಾಳಾಗ ಅಂತಲೂ ಅಂದುಬಿಟ್ಟೆ. ಕಡೆಗೆ ಅವರು ಪೆನ್ನು ಎತ್ತಿಕೊಂಡು ಕಣ್ಣು ಸರಿಯಿದೆ ಎಂದು ಬರೆದುಕೊಟ್ಟರು. ಜೊತೆಗೆ ಒಂದು ಚಾಳೀಸು ಕೈಗಿಟ್ಟು, ಯಜಮಾನ ಆಚೆ ಹೋದಾಗಲಾದರೂ ಹಾಕಿಕೋ ಎಂದರು.

ಯಜಮಾನ ಆಚೆ ಹೋದರೆ ತಾನೇ? ಚಾಳೀಸು ಬುತ್ತಿಯ ಚೀಲದಲ್ಲೇ ಉಳಿಯಿತು. ಎಂಟನೇ ದಿನ ಸೂಜಿ ನನ್ನ ತೋರುಬೆರಳಿನ ಉಗುರು ಹೊಕ್ಕು ಒಳಗೇ ಮುರಿಯಿತು.

ಸುದ್ದಿ ಮುಟ್ಟಿದ್ದೇ ಅಣ್ಣ ಅಂಗಡಿ ತೆರೆದಿಟ್ಟು ಓಡಿಬಂದರು. ನಾನು ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದೆ. ಯಜಮಾನ ಚೀಟಿ ಹಿಡಿದು, ಕಣ್ಣು ಕಾಣದ ಮೋಸಗಾತಿ, ಇವತ್ತೇ ನಿನ್ನ ಊರಿನ ದಾರಿ ಹಿಡಿ ಎಂದು ಕೂಗಾಡುತ್ತಿದ್ದ. ಅಣ್ಣ ನಡುವೆ ಬಂದು ನಿಂತರು.

"ತಪ್ಪು ನಂದ್ರಿ. ಆಕಿಗೆ ಚಾಳೀಸು ಬೇಕಿತ್ತು, ನಾ ಸುಳ್ಳು ಬರದೆ. ಆಕಿನ್ನ ತೆಗೀಬ್ಯಾಡ್ರಿ."

ಬಾಯಿಪಾಠದ ಮಾತು, ನಾನು ಅತ್ತು ಬೇಡಿದ ಮಾತು, ಒಂದನ್ನೂ ಅವರು ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಯಜಮಾನ ನನ್ನತ್ತ ತಿರುಗಿ, ಇದು ನಿನಗೆ ಗೊತ್ತಿತ್ತೇ ಎಂದು ತೆಲುಗಿನಲ್ಲಿ ಕೇಳಿದ. ಮಿಷನ್ನುಗಳೆಲ್ಲ ನಿಂತಿದ್ದವು. ಬೆರಳು ಸಿಡಿಯುತ್ತಿತ್ತು. ದೊಡ್ಡ ಮಗಳ ಮುಖ ಕಣ್ಣ ಮುಂದೆ ಬಂತು.

"ಗೊತ್ತಿರ್ಲಿಲ್ಲ" ಎಂದೆ. "ಅವ್ರು ಸರಿಯೈತೆ ಅಂದ್ರು, ನಂಬ್ದೆ."

"ಹೌದ್ರಿ" ಅಂದರು ಅಣ್ಣ.

ಯಜಮಾನ ಚೀಟಿ ಹರಿದು ಅವರ ಮುಖದ ಮೇಲೆ ಎಸೆದ. ಬೆರಳು ಕೆಡಿಸಿಕೊಂಡವಳನ್ನು ಹೊರದಬ್ಬಿದ ಅನ್ನುವ ಮಾತು ಬೇಡವೆಂದೋ ಏನೋ, ನನ್ನನ್ನು ಉಳಿಸಿಕೊಂಡ, ಚಾಳೀಸಿನ ಹಟವನ್ನೂ ಬಿಟ್ಟ. ಗಾಯ ಮಾಯ್ದ ಮೇಲೆ ಎಲ್ಲರೆದುರೇ ಚಾಳೀಸು ಹಾಕಿಕೊಂಡು ಮಿಷನ್ ಮೇಲೆ ಕೂತೆ.

ಯೂನಿಟ್ಟಿನವರು ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸುಳ್ಳು ಚೀಟಿಯವನು ಎಂಬ ಹೆಸರು ಅಣ್ಣನಿಗೆ ಸಾಯುವವರೆಗೂ ಅಂಟಿಕೊಂಡಿತು. ಓಣಿಯ ಮಕ್ಕಳ ಬಾಯಲ್ಲೂ ಅದೇ. ನನ್ನ ಹೆಣ್ಣುಮಕ್ಕಳೂ ಮನೆಯಲ್ಲಿ, ನನ್ನೆದುರೇ ಹಾಗೆ ಕರೆದರು, ನಾನು ತಿದ್ದಲಿಲ್ಲ.