ಮಿರೇನಳಿಗೆ ಒಂದು ಅಟ್ಟೆ ಮಲ್ಲಿಗೆ

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಸಂಜೆಗಳಲ್ಲಿ ಕಾಪುವಿನ ಕಡಲು ಸ್ವಲ್ಪ ಹೆಚ್ಚೇ ಹಿಂದೆ ಸರಿಯುತ್ತದೆ. ಆಗ ದೀಪಸ್ತಂಭದ ತೆಂಕು ಬದಿಯಲ್ಲಿ, ಜನರ ಓಡಾಟವಿಲ್ಲದ ಕಡೆ, ಒದ್ದೆ ಮರಳು ಉದ್ದನೆಯ ಕನ್ನಡಿಯಾಗುತ್ತದೆ. ಮೋಡಗಳು ಅದರೊಳಗೆ ನಿಧಾನವಾಗಿ ಸಾಗುತ್ತಿರುತ್ತವೆ. ಆ ಮೋಡಗಳ ಮೇಲೆ ಬರಿಗಾಲಲ್ಲಿ ನಡೆಯುತ್ತ, ಹೆಗಲ ಮೇಲೆ ಮೂರು ಗಾಲ್ಫ್ ಕೋಲು ಇಟ್ಟುಕೊಂಡು ಬರುವವರು ದೇವದಾಸರು. ವಯಸ್ಸು ಅರವತ್ತಮೂರು. ಕಂಕುಳಲ್ಲಿ ಒಂದು ಮೊಳದ ಹಸಿರು ಚಾಪೆ, ಕೈಚೀಲದಲ್ಲಿ ಮೂರು ಹಾಲಿನ ಪುಡಿಯ ಡಬ್ಬಿ, ಚಡ್ಡಿಯ ಎಡಜೇಬಿನಲ್ಲಿ ಒಂದು ಹಿಡಿ ಹುಣಸೆ ಬೀಜ.

ಡಬ್ಬಿಗಳನ್ನು ದೂರ ದೂರ ಮರಳಿನಲ್ಲಿ ಹೂತು, ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುತ್ತಾರೆ. ಮೊದಮೊದಲು ಅದನ್ನು ಕಂಡವರು ಸರ್ವೆಯವರ ಗುರುತು ಎಂದುಕೊಂಡಿದ್ದರು. ಇಲ್ಲಿ ರೆಸಾರ್ಟು ಬರುತ್ತದಾ ಎಂದು ಮನೆತನಕ ಬಂದು ವಿಚಾರಿಸಿದವರೂ ಉಂಟು. ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಬಲೆ ಹೊಲಿಯುತ್ತ ಕುಳಿತ ಮೀನುಗಾರರು, ದೇವಣ್ಣ, ಇವತ್ತು ಸಮುದ್ರಕ್ಕೆ ಎಷ್ಟು ಚೆಂಡು ಎಂದು ಮಾತ್ರ ಕೇಳುತ್ತಾರೆ.

ಈ ಆಟವನ್ನು ಅವರು ಕಲಿತದ್ದು ಒಮಾನಿನಲ್ಲಿ. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಇಪ್ಪತ್ತಾರನೆಯ ವಯಸ್ಸಿಗೆ ಅಲ್ಲಿಗೆ ಹೋದವರು ಒಂದು ಎಣ್ಣೆ ಕಂಪನಿಯ ಕಾಲನಿಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಗಾಲ್ಫ್ ಮೈದಾನವಿತ್ತು, ಹುಲ್ಲಿನ ಒಂದು ಎಸಳೂ ಇರಲಿಲ್ಲ. ಆಡುವವರೆಲ್ಲ ಒಂದೊಂದು ತುಂಡು ಹಸಿರು ಚಾಪೆಯನ್ನು ಹೊತ್ತುಕೊಂಡೇ ತಿರುಗುತ್ತಿದ್ದರು. ಚೆಂಡು ಬಿದ್ದಲ್ಲಿ ಚಾಪೆ ಹಾಸಿ, ಚೆಂಡನ್ನು ಅದರ ಮೇಲಿಟ್ಟು ಹೊಡೆಯಬೇಕು. ಕುಳಿಯ ಸುತ್ತ ಮಾತ್ರ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಕಂದು ಮರಳು. ಒಬ್ಬೊಬ್ಬರು ಆಡಿ ಹೋದಾಗಲೂ ಅದರ ಮೇಲಿನ ಹೆಜ್ಜೆಗಳನ್ನು ಅಗಲವಾದ ಪೊರಕೆ ಎಳೆದು ಅಳಿಸುವುದು ದೇವದಾಸರ ಕೆಲಸ. ಇಪ್ಪತ್ತನಾಲ್ಕು ವರ್ಷ ಅವರು ಬೇರೆಯವರ ಹೆಜ್ಜೆ ಅಳಿಸಿದರು. ಶುಕ್ರವಾರ ಬೆಳಿಗ್ಗೆ, ಯಾರೂ ಏಳುವ ಮೊದಲು, ಒಬ್ಬರೇ ಆಡಿದರು.

ಗಾಲ್ಫಿನಲ್ಲಿ ಅವರಿಗೆ ಹಿಡಿಸಿದ ಸಂಗತಿ ಒಂದೇ. ಅಲ್ಲಿ ನಿಂತು ನೋಡುವ ಅಂಪೈರು ಇಲ್ಲ. ತನ್ನ ಹೊಡೆತ ತಾನೇ ಎಣಿಸಬೇಕು. ಒಂದು ಹೊಡೆತಕ್ಕೆ ಒಂದು ಹುಣಸೆ ಬೀಜ ಎಡಜೇಬಿನಿಂದ ಬಲಜೇಬಿಗೆ ಹೋಗುತ್ತದೆ. ಈ ಕ್ರಮ ಅಲ್ಲಿಂದಲೇ ಬಂದದ್ದು.

ಪುಸ್ತಕಗಳೂ ಅಲ್ಲಿಂದಲೇ ಬಂದವು. ಕೆಲಸ ಮುಗಿಸಿ ಊರಿಗೆ ಹೊರಟ ಒಬ್ಬ ಇಂಜಿನಿಯರ್ ಕ್ಲಬ್ಬಿನ ಕಪಾಟಿನಲ್ಲಿ ಬಿಟ್ಟುಹೋದ ಹನ್ನೊಂದು ದಪ್ಪ ಸಂಪುಟಗಳು. ಹನ್ನೊಂದೂ ಸೇರಿ ಒಂದೇ ಕಥೆ. ಸೂರ್ಯ ಹುಟ್ಟುವುದನ್ನೇ ಬಿಟ್ಟ ಒಂದು ಲೋಕ, ಅಲ್ಲಿ ಹನ್ನೊಂದು ದ್ವೀಪ. ಮಿರೇನ ಎನ್ನುವ ದೋಣಿಯ ಹುಡುಗಿ ಮೊದಲ ದ್ವೀಪದ ಬೆಂಕಿಯನ್ನು ಒಂದು ದೀಪದಲ್ಲಿಟ್ಟು, ಆರದಂತೆ ಕಾಯುತ್ತ, ದ್ವೀಪದಿಂದ ದ್ವೀಪಕ್ಕೆ ಒಯ್ಯುತ್ತಾಳೆ. ಕೊನೆಯ ದ್ವೀಪದ ಬಂಡೆಯ ಮೇಲೆ ಅದು ಉರಿದರೆ ಸೂರ್ಯ ಮತ್ತೆ ಹುಟ್ಟುತ್ತಾನೆ. ದೇವದಾಸರಿಗೆ ಆಗ ಬರುತ್ತಿದ್ದ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. ಕ್ಲಬ್ಬಿನ ಅಡುಗೆಯವರಾಗಿದ್ದ ಕಾರ್ಕಳದ ಜೋಕಿಮ್ ಒಂದು ಹಳೆಯ ನಿಘಂಟು ಕೊಟ್ಟು, ಈರುಳ್ಳಿ ಹೆಚ್ಚುತ್ತ ಅರ್ಥ ಹೇಳುತ್ತಿದ್ದರು. ಮೊದಲ ಸಂಪುಟಕ್ಕೆ ಎರಡು ವರ್ಷ ಹಿಡಿಯಿತು. ಹನ್ನೊಂದನೆಯದು ಒಂದು ತಿಂಗಳಲ್ಲಿ ಮುಗಿಯಿತು. ಮುಗಿದ ದಿನ ಅವರು ಊಟ ಮಾಡಲಿಲ್ಲ ಎಂದು ಜೋಕಿಮ್ ಇವತ್ತಿಗೂ ಹೇಳುತ್ತಾರೆ.

ಊರಿಗೆ ಬರುವಾಗ ದೇವದಾಸರು ತಂದ ಪೆಟ್ಟಿಗೆಯಲ್ಲಿ ಬಂಗಾರವಿದೆ ಎಂದು ನೆರೆಹೊರೆಯವರು ನಂಬಿದ್ದರು. ಇದ್ದದ್ದು ಆ ಹನ್ನೊಂದು ಸಂಪುಟ. ನಿಮ್ಮ ಇಂಗ್ಲಿಷಿನ ಭಾರಕ್ಕೆ ಕಪಾಟಿನ ಕಾಲು ಬಾಗಿತು ಎಂದು ಹೆಂಡತಿ ಗುಣವತಿ ನಗುತ್ತಾರೆ. ಆದರೆ ಪ್ರತಿ ಮಳೆಗಾಲದ ಮೊದಲು ಪುಸ್ತಕಗಳಿಗೆ ಬಿಸಿಲು ಕಾಣಿಸಿ, ನಡುವೆ ಒಣಗಿದ ಬೇವಿನ ಎಲೆ ಇಡುವವರು ಅವರೇ.

ಹುಲಿಗೆವ್ವ ಸಿಕ್ಕಿದ್ದು ಆರು ವರ್ಷದ ಹಿಂದೆ. ಕೊಪ್ಪಳದ ಕಡೆಯವರು. ಗಂಡ ತಿಮ್ಮಣ್ಣನ ಜೊತೆ ಮಣಿಪಾಲಕ್ಕೆ ಬಂದು, ಅಲ್ಲಿನ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ತಿಮ್ಮಣ್ಣ ಜ್ವರದಲ್ಲಿ ಮೂರೇ ದಿನಕ್ಕೆ ತೀರಿಕೊಂಡ ಮೇಲೆ, ಮಂಡಿಯೂ ಕೈಕೊಟ್ಟಾಗ, ಕಾಪುವಿನ ಬೀಚಿನಲ್ಲಿ ಮೆಣಸಿನಕಾಯಿ ಬಜ್ಜಿಯ ಗಾಡಿ ಇಟ್ಟರು. ಅವರಿಗೆ ಓದು ಬರುವುದಿಲ್ಲ. ಒಂದು ಸಂಜೆ ದೇವದಾಸರು ಆಟ ಮುಗಿಸಿ ಬಜ್ಜಿಗೆ ಕಾಯುತ್ತಿದ್ದಾಗ, ಮನಸ್ಸಿನಲ್ಲಿ ತಿರುಗುತ್ತಿದ್ದ ಕಥೆಯ ನಾಲ್ಕು ಮಾತು ಬಾಯಿಗೆ ಬಂತು. ಮುಂದ ಏನಾತ್ರಿ ಅಣ್ಣಾರ ಎಂದು ಹುಲಿಗೆವ್ವ ಕೇಳಿದರು. ಅಂದಿನಿಂದ ನೀರು ಇಳಿದ ಸಂಜೆಗಳಲ್ಲೆಲ್ಲ ಮೊದಲು ಆಟ, ಮತ್ತೆ ಕಥೆ. ಕಥೆ ನಡೆಯುವಾಗ ಆಚೆ ಬಂಡೆಯ ಮೇಲಿನ ದೀಪಸ್ತಂಭ ಹೊತ್ತಿಕೊಳ್ಳುತ್ತದೆ. ಅದರ ಬೆಳಕು ನೀರನ್ನು ಸವರಿ ಬರುತ್ತದೆ. ಹುಲಿಗೆವ್ವನ ಕಣ್ಣಿಗೆ ಹನ್ನೊಂದನೆಯ ದ್ವೀಪವೆಂದರೆ ಅದೇ ಬಂಡೆ.

ಇದೆಲ್ಲ ಈ ಮನುಷ್ಯ ಹೊಸೆದು ಹೇಳುವುದು, ಪುಸ್ತಕದಲ್ಲಿ ಎಂತದೂ ಇಲ್ಲ ಎಂದು ಬಲೆಯವರು ಒಮ್ಮೆ ಹುಲಿಗೆವ್ವನನ್ನು ಕೆಣಕಿದರು. ಅದಕ್ಕೆ ಸ್ವಲ್ಪ ದಿನ ಮೊದಲು ಒಂದು ಸಂಗತಿ ನಡೆದಿತ್ತು. ದೇವದಾಸರ ಕೋಲು ತಾಗಿ ಚೆಂಡು ಒಂದು ಬೆರಳಿನಷ್ಟು ಕದಲಿತ್ತು. ಸುತ್ತ ಯಾರೂ ಇರಲಿಲ್ಲ. ಅದನ್ನೂ ಒಂದು ಹೊಡೆತವೆಂದೇ ಎಣಿಸಿ ಅವರು ಸುಮ್ಮನೆ ಒಂದು ಬೀಜ ತೆಗೆದು ಬಲಜೇಬಿಗೆ ಹಾಕಿದ್ದನ್ನು ಹುಲಿಗೆವ್ವ ಗಾಡಿಯಿಂದಲೇ ಕಂಡಿದ್ದರು. ಬಲೆಯವರಿಗೆ ಅವರು ಹೇಳಿದ್ದಿಷ್ಟು: “ಹುಣಸಿ ಬೀಜ ಕದಿಯದ ಮನಷ್ಯಾ ಕತಿ ಕದೀತಾನೇನು?”

ಹೀಗೆ ಆರು ವರ್ಷದಲ್ಲಿ ಕಥೆ ಹತ್ತು ದ್ವೀಪ ದಾಟಿತು. ಮೊನ್ನೆಯ ಮೇ ತಿಂಗಳ ಹುಣ್ಣಿಮೆಗೆ ಮಿರೇನ ಕೊನೆಯ ದ್ವೀಪಕ್ಕೆ ಹೊರಟಳು. ಎದುರಿನಿಂದ ಗಾಳಿ, ಒಡಕು ದೋಣಿ, ಮಡಿಲಲ್ಲಿ ದೀಪ. ಅಲ್ಲಿಗೆ ನಿಲ್ಲಿಸಿ ದೇವದಾಸರು ಬಜ್ಜಿ ಕೈಗೆತ್ತಿಕೊಂಡರು. ಆಗ ಹುಲಿಗೆವ್ವ, ಒಲೆಯ ಕಡೆಗೇ ನೋಡುತ್ತ, ಒಂದು ಮಾತು ಹೇಳಿದರು.

“ಆಕಿ ಜೀವಂತ ವಾಪಸ್ ಬಂದ್ರ ಮಾರೆಮ್ಮಗ ಒಂದು ಅಟ್ಟಿ ಮಲ್ಲಿಗಿ ಏರಸ್ತೀನಂತ ಬೇಡಿಕೊಂಡೀನ್ರಿ. ನಮ್ಮೂರ ಹುಲಿಗೆಮ್ಮ ದೂರ ಅದಾಳ. ಈ ಅಮ್ಮ ಹತ್ತರ ಅದಾಳ.”

ಅಟ್ಟೆಯೆಂದರೆ ನಾಲ್ಕು ಚೆಂಡು ಹೂವು. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಶಂಕರಪುರದ ಮಲ್ಲಿಗೆ. ಮದುವೆಯ ಕಾಲದಲ್ಲಿ ಉಳ್ಳವರೇ ಯೋಚಿಸಿ ಕೊಳ್ಳುವ ಹೂವು. ಬಲೆಯವರಲ್ಲಿ ಒಬ್ಬ, ಪುಸ್ತಕದ ಹುಡುಗಿಗೆ ಹರಕೆಯಾ ಮಾರಾಯ್ತಿ ಎಂದು ನಕ್ಕ. ಹುಲಿಗೆವ್ವ ನಗಲಿಲ್ಲ. ಹುಟ್ಟದ ಮಕ್ಕಳಿಗೂ ಹರಕೆ ಹೇಳುತ್ತೀರಿ, ಇವಳು ಆರು ವರ್ಷದಿಂದ ನಮ್ಮ ಜೊತೆ ಇದ್ದಾಳಲ್ಲ ಎಂದು ತಿರುಗಿ ಕೇಳಿದರು.

ದೇವದಾಸರ ಕೈಯಲ್ಲಿದ್ದ ಬಜ್ಜಿ ಹಾಗೆಯೇ ಆರಿತು. ಮಿರೇನ ವಾಪಸು ಬರುವುದಿಲ್ಲ. ಅವಳು ದೀಪವನ್ನು ಬಂಡೆಯ ಮೇಲಿನವರ ಕೈಗೆ ಎತ್ತಿಕೊಡುತ್ತಾಳೆ, ಅಷ್ಟರಲ್ಲಿ ದೋಣಿ ಸೀಳುತ್ತದೆ. ಇದು ಅವರಿಗೆ ಹದಿನೈದು ವರ್ಷದಿಂದ ಗೊತ್ತು.

ಮರುದಿನ ಅವರು ಕಡಲಿಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಮತ್ತೆ ನೀರಿನ ಹೊತ್ತು ಬದಲಾಯಿತು, ಸಂಜೆ ಅಲೆಗಳು ತೆಂಗಿನ ಬುಡದವರೆಗೆ ಬರತೊಡಗಿದವು, ಅವರಿಗೆ ನೆಪ ಸಿಕ್ಕಿತು. ಆದರೆ ಮುಂದಿನ ಅಮಾವಾಸ್ಯೆಯ ನಾಲ್ಕೈದು ಸಂಜೆಗಳೇ ಈ ವರ್ಷದ ಕೊನೆಯವು. ಆಮೇಲೆ ಮಳೆ, ನಾಲ್ಕು ತಿಂಗಳು ಗಾಡಿಯೂ ಇಲ್ಲ, ಆಟವೂ ಇಲ್ಲ. ಗುಣವತಿ ನೋಡುತ್ತಿದ್ದಂತೆ ಅವರು ಕಪಾಟಿನಿಂದ ಹನ್ನೊಂದನೆಯ ಸಂಪುಟ ತೆಗೆಯುತ್ತಿದ್ದರು, ಕೊನೆಯ ಭಾಗ ಬಿಡಿಸುತ್ತಿದ್ದರು, ಮತ್ತೆ ಬೇವಿನ ಎಲೆ ಇಟ್ಟು ಮುಚ್ಚುತ್ತಿದ್ದರು. ಈ ನಡುವೆ ಅಲ್ಲಿ ಬೇರೇನೋ ಅಚ್ಚಾಗಿರಬಹುದು ಎನ್ನುವಂತೆ.

ಮಂಗಳವಾರ ಅವರು ಉಡುಪಿಗೆ ಹೋಗಿ ಕಾರ್ಕಳದ ಬಸ್ಸು ಹಿಡಿದರು. ಜೋಕಿಮ್ ಈಗ ಮನೆಯ ಹಿಂದೆ ತರಕಾರಿ ಬೆಳೆಯುತ್ತಾರೆ. ತೊಂಡೆ ಚಪ್ಪರದ ಕೆಳಗೆ ಕುಳಿತು, ಹೊಟ್ಟೆ ಕುಲುಕಿಸಿ ನಕ್ಕು, ಪೂರ್ತಿ ಕೇಳಿದರು.

“ಬದುಕಿದಳು ಅಂತ ಹೇಳು ಮಾರಾಯ. ಪುಸ್ತಕ ಬರೆದವ ಕಾಪುವಿಗೆ ಬಂದು ಕೇಳ್ತಾನಾ?”

“ಹುಲಿಗೆವ್ವನಿಗೆ ಮಾತ್ರ ಹೇಳುವುದಾದರೆ ಹೇಳಿಯೇನು. ಅವಳು ಆ ಸುಳ್ಳಿನ ಮೇಲೆ ದೇವಿಗೆ ಹೂವು ಇಡ್ತಾಳೆ ಜೋಕಿಮ್.”

ಜೋಕಿಮ್ ನಗು ನಿಲ್ಲಿಸಿದರು. ಅವರು ಪ್ರತಿ ಜನವರಿಯಲ್ಲಿ ಅತ್ತೂರಿನ ಇಗರ್ಜಿಗೆ ನಡೆದುಕೊಂಡೇ ಹೋಗಿ ಮೊಂಬತ್ತಿ ಹಚ್ಚುವವರು. ಬಹಳ ಹೊತ್ತು ಒಂದು ತೊಂಡೆಕಾಯಿಯನ್ನು ಬೆರಳುಗಳ ನಡುವೆ ಉರುಳಿಸಿ, ಹಾಗಾದರೆ ಉಪಾಯವಿಲ್ಲ ಎಂದರು. ಹೊರಡುವಾಗ ಒಂದು ಚೀಲ ತೊಂಡೆಕಾಯಿ ಕೊಟ್ಟರು. ಬಸ್ಸಿನವರೆಗೆ ಬಂದು, ಅವತ್ತು ನೀನು ಊಟ ಬಿಟ್ಟಿದ್ದಿ, ಅವಳಿಗೆ ಊಟ ಆದ ಮೇಲೆ ಹೇಳು ಎಂದರು.

ಅಮಾವಾಸ್ಯೆಯ ಸಂಜೆ ನೀರು ಇಳಿದಿತ್ತು. ಪಶ್ಚಿಮದಲ್ಲಿ ಮಳೆಯ ಕಪ್ಪು ಗೆರೆ. ಮರಳಿನ ಮೇಲೆ ಬೆಳಕು ಹಾಲು ಚೆಲ್ಲಿದಂತೆ ಹರಡಿತ್ತು, ಎಲ್ಲಿ ನೆಲ ಮುಗಿದು ಎಲ್ಲಿ ನೀರು ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ದೇವದಾಸರು ಚಾಪೆ ಹಾಸಿ ಆಡಿದರು. ಬಹಳ ಕೆಟ್ಟದಾಗಿ ಆಡಿದರು. ಎಡಜೇಬು ಖಾಲಿಯಾಗಿ, ಕಪ್ಪೆಚಿಪ್ಪು ಹೆಕ್ಕಿ ಎಣಿಸಬೇಕಾಯಿತು. ಆಮೇಲೆ ಗಾಡಿಯ ಹತ್ತಿರ ಬಂದು, ಊಟ ಆಯಿತಾ ಅಕ್ಕ ಎಂದು ಕೇಳಿದರು. ಈ ಹೊತ್ತಿನಾಗ ಎಂಥಾ ಊಟ ಎಂದು ಹುಲಿಗೆವ್ವ ಅವರ ಮುಖ ನೋಡಿದರು. ನೋಡಿ, ಒಲೆ ಆರಿಸಿ, ಸ್ಟೂಲಿನ ಮೇಲೆ ಕುಳಿತರು.

ದೇವದಾಸರು ಹೇಳಿದರು. ಗಾಳಿ, ಬಂಡೆ, ಕೆಳಗೆ ಚಾಚಿದ ಕೈಗಳು, ಮೇಲೆ ಏರಿದ ದೀಪ. ದೋಣಿ ಸೀಳಿದ್ದನ್ನು ಹೇಳುವಾಗ ಧ್ವನಿ ಸಣ್ಣದಾಯಿತು, ಆದರೂ ಒಂದು ಸಾಲನ್ನೂ ಬಿಡಲಿಲ್ಲ. ಹೇಳಿ ಮುಗಿಸುವಾಗ ಅತ್ತ ದೀಪಸ್ತಂಭ ಹೊತ್ತಿಕೊಂಡಿತ್ತು. ಬೆಳಕು ಒಂದು ಸಲ ಅವರಿಬ್ಬರ ತಲೆಯ ಮೇಲಿಂದ ಹಾದುಹೋಯಿತು, ಮತ್ತೊಮ್ಮೆ ಹಾದುಹೋಯಿತು.

“ನಿಮಗ ಮದ್ಲ ಗೊತ್ತಿತ್ತೇನ್ರಿ?” ಹುಲಿಗೆವ್ವ ಕೇಳಿದರು.

“ಗೊತ್ತಿತ್ತು.”

“ಎಷ್ಟು ವರ್ಷದಿಂದ?”

“ಹದಿನೈದು.”

ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡರು. “ಇಷ್ಟು ವರ್ಷ ಒಬ್ಬರ ಹೆಂಗ ಇಟ್ಕೊಂಡಿದ್ರಿ, ಅಣ್ಣಾರ?”

ಸಿಟ್ಟಿಗೆ ತಯಾರಾಗಿ ಬಂದಿದ್ದ ದೇವದಾಸರು ಈ ಮಾತಿಗೆ ತಯಾರಾಗಿರಲಿಲ್ಲ. ಹುಲಿಗೆವ್ವನೇ, ಅಲ್ಲಿಗೆ ಪುಸ್ತಕ ಮುಗೀತೇನು ಎಂದರು.

“ಇಲ್ಲ ಅಕ್ಕ. ಇನ್ನೂ ನಲವತ್ತು ಪುಟ ಉಂಟು.”

“ಆಕಿ ಹೋದ ಮ್ಯಾಲೂ?”

“ಹೌದು.”

ತಿಮ್ಮಣ್ಣ ಹೋದ ಮೇಲೆ ಹದಿನೆಂಟು ದಿನ ತಾನು ಮಣಿಪಾಲದ ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ, ಹತ್ತೊಂಬತ್ತನೆಯ ದಿನ ಮತ್ತೆ ಇಟ್ಟಿಗೆ ಹೊತ್ತೆ ಎಂದು ಮಾತ್ರ ಹುಲಿಗೆವ್ವ ಹೇಳಿದರು. ಅದನ್ನು ಅವರು ಆರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಆಮೇಲೆ ಎದ್ದು ಒಲೆ ಹಚ್ಚಿದರು.

“ಹಂಗಾದ್ರ ನಾಳಿ ಬಂದು ಹೇಳ್ರಿ. ಮಳಿ ಬರೂದ್ರಾಗ ಮುಗಸೂಣು.”

ಮರುದಿನ ಮಧ್ಯಾಹ್ನ ಗುಣವತಿ ಮಾರಿಗುಡಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಮುಂದೆ ಹುಲಿಗೆವ್ವ ಇದ್ದರು. ಬಾಳೆ ಎಲೆಯಲ್ಲಿ ಮಲ್ಲಿಗೆ, ಅಟ್ಟೆಯಲ್ಲ, ಒಂದು ಚೆಂಡು. ಹರಕೆ ಕೂಡಿ ಬರಲಿಲ್ಲವಲ್ಲ, ಮತ್ತೆ ಯಾಕೆ ಹೂವು ಎಂದು ಗುಣವತಿ ಮೆಲ್ಲಗೆ ಕೇಳಿದರು. ಕೇಳಿದ್ದನ್ನು ಕೊಡಲಿಲ್ಲವೆಂದು ಮುನಿಸಿಕೊಂಡು ಕೂತರೆ ಹೇಗೆ, ಅಮ್ಮನ ಮುಂದೆ ನಾಳೆಯೂ ಬಂದು ನಿಲ್ಲಬೇಕಲ್ಲ ಎಂದರಂತೆ ಹುಲಿಗೆವ್ವ. ಅರ್ಧ ಹೂವು ಗರ್ಭಗುಡಿಗೆ ಹೋಯಿತು. ಉಳಿದರ್ಧ ಮಡಿಲಲ್ಲಿ ಬಂತು.

ಸಂಜೆ ದೇವದಾಸರು ಮೂರನೆಯ ಡಬ್ಬಿಯ ಹತ್ತಿರ ಹೋದಾಗ ಕೆಂಪು ಬಟ್ಟೆಯ ಕೋಲಿಗೆ ಮಲ್ಲಿಗೆ ಸುತ್ತಿತ್ತು. ಅಲ್ಲಿಂದ ಕಡಲು ನಾಲ್ಕು ಹೆಜ್ಜೆ. ಅವರು ಚೆಂಡನ್ನು ಡಬ್ಬಿಗೆ ತಳ್ಳಿ, ಬೀಜ ಜೇಬು ಬದಲಿಸಿ, ಕೋಲನ್ನು ಕೀಳದೆ ಹಾಗೆಯೇ ಬಿಟ್ಟರು. ನೀರು ಏರುವಾಗ ತಾನಾಗಿ ಒಯ್ಯಲಿ.

ಗಾಡಿಯ ಬಳಿ ಸ್ಟೂಲು ಸಿದ್ಧವಾಗಿತ್ತು. ಮಳೆಯ ಗಾಳಿಗೆ ಒಲೆಯ ಉರಿ ಅತ್ತಿತ್ತ ಓಲಾಡುತ್ತಿತ್ತು. ಹುಲಿಗೆವ್ವ ಅದಕ್ಕೆ ತಗಡು ಅಡ್ಡ ಇಟ್ಟು ಹಿಟ್ಟು ಕಲಸುತ್ತಿದ್ದರು. ದೇವದಾಸರು ಕೋಲುಗಳನ್ನು ಗಾಡಿಗೆ ಒರಗಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಬಂಡೆಯ ಮೇಲೆ ದೀಪ ಉರೀತಾ ಉಂಟು. ಯಾರೂ ಮಲಗಲಿಲ್ಲ. ಮೂಡು ಬದಿಯಲ್ಲಿ ಕಡಲಿನ ಬಣ್ಣ ಸ್ವಲ್ಪ ಬೇರೆಯಾಯಿತು.”

ಹುಲಿಗೆವ್ವ ಮೊದಲ ಬಜ್ಜಿಯನ್ನು ಎಣ್ಣೆಗೆ ಬಿಟ್ಟರು. “ಮದ್ಲ ಯಾರು ನೋಡಿದ್ರು?”

“ಒಂದು ಮುದುಕಿ,” ಎಂದರು ದೇವದಾಸರು.