ಮರ ಕಿತ್ತ ಮೇಲೆ ಉಳಿದ ಊರು

ಇಂದಿರಾನಗರದ ನಮ್ಮ ಆಫೀಸಿನಲ್ಲಿ ಹೊಸ ಬಡಾವಣೆಗಳ ನಕ್ಷೆ ಮಾಡುವ ಹಿರಿಯ ಆರ್ಕಿಟೆಕ್ಟ್ ಒಬ್ಬರಿದ್ದರು. ನಾವೆಲ್ಲ ಸರ್ ಅನ್ನುತ್ತಿದ್ದೆವು. ಯಾರ ನಕ್ಷೆಯನ್ನೇ ನೋಡಲಿ, ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದುದು ಒಂದೇ ಮಾತು: "ಮಧ್ಯಾಹ್ನ ಇಲ್ಲಿ ನಡೀತೀರೇನ್ರೀ?" ಹೂಂ ಅಂದರೆ ನಂಬುತ್ತಿರಲಿಲ್ಲ.

ಮಹದೇವಪುರದ ಆಚೆ ಒಂದು ಹೊಸ ಊರನ್ನೇ ರೂಪಿಸುವ ಕೆಲಸ ನಮಗೆ ಸಿಕ್ಕಿತ್ತು. ಜನ ಒತ್ತೊತ್ತಾಗಿ ಇರಬೇಕು, ಊರು ಹಸಿರಾಗಿಯೂ ಇರಬೇಕು. ನಾವು ಮಾಡೆಲ್ ಕಟ್ಟಿ, ಅಗಲ ರಸ್ತೆಗಳ ಉದ್ದಕ್ಕೂ ಹಸಿರು ಸ್ಪಂಜಿನ ಮರಗಳನ್ನು ಚುಚ್ಚಿದೆವು. ನೋಡಲು ಬಂದ ಜಮೀನಿನ ಮಾಲೀಕರ ಮಗಳು, "ಎಷ್ಟು ಚೆನ್ನಾಗಿದೆ!" ಅಂದರು.

ಸರ್ ಎದ್ದು ಬಂದರು. ಬಂದವರೇ ಮರಗಳನ್ನೆಲ್ಲ ಕೀಳತೊಡಗಿದರು!

"ಜನ ಬರೋ ದಿನ ಇವು ಮೊಣಕಾಲುದ್ದದ ಸಸಿ ಕಣ್ರೀ," ಎಂದು ಟೇಬಲ್ ಲ್ಯಾಂಪನ್ನು ಮಧ್ಯಾಹ್ನದ ಸೂರ್ಯನ ಹಾಗೆ ಎತ್ತಿ ಹಿಡಿದರು. ರಸ್ತೆಯಲ್ಲಿ ನಿಲ್ಲಲು ಒಂದು ಚೂರೂ ನೆರಳಿರಲಿಲ್ಲ.

ಲ್ಯಾಂಪನ್ನು ನನ್ನ ಕೈಗಿತ್ತು, ಕಟ್ಟಡಗಳನ್ನೇ ಎರಡೂ ಕೈಯಿಂದ ತಳ್ಳಿ ಹತ್ತಿರ ತಂದರು. ನಾವು ಊಟ ಬಿಟ್ಟು ಅಂಟಿಸಿದ ಊರು ಚಟಚಟ ಕಿತ್ತುಬಂತು. ಒಂದರ ನೆರಳು ಇನ್ನೊಂದರ ಬುಡಕ್ಕೆ ಬಿತ್ತು. ರಸ್ತೆ ಓಣಿಯಾಯಿತು.

ಆಕೆ ಮುಖ ಸಿಂಡರಿಸಿದರು. "ಅಯ್ಯೋ, ಇದು ಶಿವಾಜಿನಗರದ ಗಲ್ಲಿ ಥರ ಆಗೋಯ್ತಲ್ಲ ಸರ್!"

"ನಾನು ಹುಟ್ಟಿದ್ದು ಅಲ್ಲೇ ಮೇಡಂ," ಅಂದರು ಸರ್, ಕೈಗಂಟಿದ ಹಸಿರು ಸ್ಪಂಜು ಉಜ್ಜುತ್ತಾ. "ಬೇಸಿಗೆ ಮಧ್ಯಾಹ್ನ ನಮ್ಮ ಅಮ್ಮಿ ಗಲ್ಲಿ ತುದೀವರೆಗೂ ಬರಿಗಾಲಲ್ಲೇ ಹೋಗಿ ಬರೋರು."