ಜಪಾನಿನ ಒಂಬತ್ತೂವರೆ

ನಾಗಪುರದ ಈ ಬೇಸಿಗೆಗೆ ಕೂಲರಿಗೆ ಹೊಸ ಲಾವಂಚದ ಪರದೆ ಕಟ್ಟಿಸಿದೆವು. ಮೊದಲ ನೀರು ಬಿದ್ದಾಗ ಏಳುವ ಆ ವಾಸನೆ... ಅದು ನನ್ನನ್ನು ಎಂಬತ್ತರ ದಶಕದ ಒಂದು ಮಧ್ಯಾಹ್ನಕ್ಕೆ ಕರೆದೊಯ್ದು, ಪಕ್ಕದ ಮನೆಯ ವೈನಿಯ ಎದುರು ಕೂರಿಸಿಬಿಟ್ಟಿತು.

ವೈನಿ ಧಾರವಾಡದ ಕಡೆಯವರು. ನನಗಿಂತ ಚಿಕ್ಕವರಾದರೂ ಕಾರ್ಖಾನೆಯ ಕ್ವಾರ್ಟರ್ಸಿನವರೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರೆಂದು ನಾನೂ ಹಾಗೇ ಕರೆಯುತ್ತಿದ್ದೆ. ಆ ವರ್ಷ ಅವರ ಯಜಮಾನರನ್ನು ಹೊಸ ಯಂತ್ರದ ಕೆಲಸ ಕಲಿಯಲು ಜಪಾನಿಗೆ ಕಳಿಸಿದ್ದರು. ಅವರು ಹೋದ ಮೇಲೆಯೇ ವೈನಿಗೆ ತಾನು ಬಸುರಿ ಎಂದು ತಿಳಿದದ್ದು. ಹಿಂದೊಮ್ಮೆ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಗಂಡನ ಕಿವಿಗೆ ಬೀಳುವ ಮೊದಲು ಯಾರಿಗೂ ಹೇಳುವುದಿಲ್ಲವೆಂದು ದೇವರ ಮುಂದೆ ನಿಶ್ಚಯಿಸಿಕೊಂಡಿದ್ದರಂತೆ. ಒಗ್ಗರಣೆಯ ವಾಸನೆಗೆ ಮುಖ ತಿರುಗಿಸುವುದನ್ನು ಕಂಡ ಮೇಲೆ ಬಾಯಿ ಬಿಟ್ಟು ಹೇಳಬೇಕೇ? ನಾನು ಗೊತ್ತಿಲ್ಲದವಳಂತೆ ಸುಮ್ಮನಿದ್ದೆ.

ಫೋನ್ ಇದ್ದದ್ದು ನಮ್ಮ ಮನೆಯಲ್ಲಿ. ಜಪಾನಿನಲ್ಲಿ ಯಜಮಾನರಿದ್ದ ಹಾಸ್ಟೆಲಿನಲ್ಲಿ ಫೋನ್ ಎತ್ತುವ ಹೆಂಗಸಿಗೆ ಜಪಾನಿ ಬಿಟ್ಟರೆ ಬೇರೆ ಬಾರದು. ಯಜಮಾನರು ಬಿಟ್ಟುಹೋಗಿದ್ದ ಭಾಷೆ ಕಲಿಸುವ ಕ್ಯಾಸೆಟ್ಟನ್ನು ವೈನಿ ನಮ್ಮಲ್ಲಿಗೆ ತಂದರು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕೂಲರಿನ ತಂಪು ಮಬ್ಬು. ಚಾಪೆಯ ಮೇಲೆ ಮಲಗಿ ಇಬ್ಬರೂ ಗಂಟೆ ಹೇಳಲು ಕಲಿತೆವು.

"ಅಕ್ಕಾ, ಅಲ್ಲೆ ಗಂಟೀಗೂ ಜೀ ಹಚ್ಚತಾರ ನೋಡ್ರಿ. ಇಚಿಜಿ, ನಿಜಿ, ಸಾನ್‌ಜಿ. ನಾವು ಗಂಡಗ ಸುದ್ದಾ ಹಚ್ಚಂಗಿಲ್ಲ."

"ಐದಕ್ಕೇನಂತಾರೆ?"

"ಗೋಜಿ."

"ಹಾಗಾದ್ರೆ ಐದರ ಗೋಜಿಗೇ ಹೋಗೋದು ಬೇಡ," ಎಂದೆ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವುದರೊಳಗೆ ನಮಗೆ ನಿದ್ದೆ...

ಒಂದು ದಿನ ಟ್ರಂಕ್ ಕಾಲ್ ಸಿಕ್ಕಿತು. ಯಜಮಾನರು ಹಾಸ್ಟೆಲಿಗೆ ಬರುವುದು ಎಷ್ಟು ಗಂಟೆಗೆಂದು ವೈನಿ ಕಲಿತ ಮಾತಿನಲ್ಲೇ ಕೇಳಿದರು. "ಕುಜಿ ಹಾನ್," ಎಂದಿತು ಆ ಕಡೆಯ ದನಿ.

"ಒಂಬತ್ತಕ್ಕಂತ ಅಕ್ಕಾ. ಹಾಂ ಅಂದ್ಲು."

ನಾಗಪುರದಲ್ಲಿ ಮಾತಿನ ಕೊನೆಗೊಂದು ಹಾಂ ಸೇರಿಸದವರು ಯಾರು? ನಾನೂ ನಂಬಿದೆ. ಮರುದಿನ ಅಲ್ಲಿಯ ಒಂಬತ್ತಕ್ಕೆ, ಅಂದರೆ ಇಲ್ಲಿಯ ಸಂಜೆ ಐದೂವರೆಗೆ ಬುಕ್ ಮಾಡಿದೆವು. ಅವರಿರಲಿಲ್ಲ. ಆಕೆ ಮತ್ತೆ, "ಕುಜಿ ಹಾನ್, ಹಾನ್." ಇವರು, "ಹಾಂ, ಹಾಂ." ಲೈನ್ ಕಡಿಯಿತು.

"ಇಷ್ಟೊತ್ತನಕಾ ಎಲ್ಲೆ ಇರ್ತಾರ್ರೀ ಇವರು?" ವೈನಿಯ ಮುಖ ಬಾಡಿತ್ತು.

ಮಾರನೆಯ ಮಧ್ಯಾಹ್ನ ವೈನಿಗೆ ನಿದ್ದೆ ಹತ್ತಲಿಲ್ಲ. ಕ್ಯಾಸೆಟ್ಟು ತಿರುಗಿಸಿ ಹಾಕಿದರಂತೆ. ನನ್ನ ಭುಜ ಹಿಡಿದು ಅಲುಗಿಸಿದಾಗ ಯಂತ್ರದೊಳಗಿನ ದನಿ ನಿಧಾನವಾಗಿ ಹೇಳುತ್ತಿತ್ತು: ಇಚಿಜಿ ಹಾನ್, ನಿಜಿ ಹಾನ್...

"ಏಳ್ರಿ ಅಕ್ಕಾ. ಅಕಿ ಹಾಂ ಅಂದಿಲ್ಲ. ಅರ್ಧ ಅಂದಾಳ. ಒಂಬತ್ತೂವರಿ."

ದೇವರು ದೊಡ್ಡವನು, ಅಂದು ಲೈನ್ ಹೇಳಿದ ಹೊತ್ತಿಗೇ ಬಂತು. ನಮ್ಮಲ್ಲಿ ದೀಪ ಹಚ್ಚುವ ಸಮಯ. ನಾನು ದೇವರ ಕೋಣೆಗೆ ಹೋಗಿ, ಹಚ್ಚಿದ ದೀಪದ ಬತ್ತಿಯನ್ನು ಸುಮ್ಮನೆ ಸರಿಮಾಡುತ್ತ ನಿಂತೆ. ಆಚೆಯಿಂದ ವೈನಿಯ ದನಿ ಕೇಳಿತು, "ಇಲ್ರೀ, ಒಬ್ಬಾಕಿನ ಇಲ್ಲ. ಇಬ್ಬರಿದ್ದೇವಿ."

ಒಳಗೆ ಬಂದು ನನಗೂ ಹೇಳಿದರು. "ಹೌದೇ?" ಎಂದೆ, ಈಗಷ್ಟೇ ತಿಳಿದವಳ ಹಾಗೆ.

ಹೆಣ್ಣುಮಗು ಹುಟ್ಟಿತು. ಅದು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಅವರಿಗೆ ವರ್ಗವಾಯಿತು. ನಾವು ಇಲ್ಲೇ ಉಳಿದೆವು. ಕಾಗದ ಬರೆಯುವುದು ಇಬ್ಬರಿಗೂ ಒಗ್ಗದ ಕೆಲಸ...

ಹೋದ ಚಳಿಗಾಲದಲ್ಲಿ ವೈನಿ ತೀರಿಕೊಂಡರಂತೆ. ಮೊನ್ನೆ ಹಳೆಯ ಪರಿಚಯದವರೊಬ್ಬರು ತರಕಾರಿ ಆರಿಸುತ್ತ ಹೇಳಿದರು. ಬಂಧುವಲ್ಲ, ನಮಗೆ ಸೂತಕವಿಲ್ಲ. ಅದೂ ತಿಂಗಳುಗಳು ಕಳೆದ ಸುದ್ದಿ. ಆದರೂ ಮನೆಗೆ ಬಂದವಳೇ ತಲೆಗೆ ನೀರು ಹಾಕಿಕೊಂಡೆ.

ಒದ್ದೆ ಕೂದಲು ಕಂಡು ಸೊಸೆ ಕೇಳಿದಳು, "ಯಾರು ಹೋದ್ರತ್ತೆ? ಹತ್ತಿರದೋರಾ?"

"ಪಕ್ಕದ ಮನೆಯವರು," ಎಂದೆ.